ಕ್ಯಾಲ್ಸಿಯಂ ಮಾತ್ರೆಗೆ ಮೊದಲು ನೆನೆಯಬೇಕಾದ ರಾಗಿ ಲಕ್ಷ್ಮಣಯ್ಯ

ಮಂಡ್ಯ: ಬೆಳೆಯೊಂದರ ಹೆಸರೇ ಮನುಷ್ಯನ ಹೆಸರಿಗೆ ಅಂಟಿಕೊಳ್ಳುವುದು ಅಪರೂಪ. ಸಿ.ಎಚ್. ಲಕ್ಷ್ಮಣಯ್ಯನವರಿಗೆ ಆ ಭಾಗ್ಯ ಒದಗಿತು. ಹಳೇ ಮೈಸೂರು ಸೀಮೆಯ ರೈತರಿಗೆ ಅವರು ರಾಗಿ ಲಕ್ಷ್ಮಣಯ್ಯ. ಅಭಿಮಾನಿಗಳಿಗೆ ರಾಗಿ ಬ್ರಹ್ಮ. ಔಷಧಿ ಅಂಗಡಿಯಲ್ಲಿ ಕ್ಯಾಲ್ಸಿಯಂ ಮಾತ್ರೆಯ ಡಬ್ಬಿ ಕೊಳ್ಳುವ ಇಂದಿನ ನಗರವಾಸಿಗೆ ಈ ಹೆಸರು ಅಪರಿಚಿತವಾಗಿರಬಹುದು.

ಮೈಸೂರು ಸಮೀಪದ ಹಾರೋಹಳ್ಳಿಯಲ್ಲಿ 1921ರಲ್ಲಿ ಜನಿಸಿದ ಲಕ್ಷ್ಮಣಯ್ಯನವರು ಕೃಷಿ ಇಲಾಖೆ ಸೇರಿ, ಮಂಡ್ಯದ ವಿ.ಸಿ. ಫಾರಂ ಅನ್ನು ತಮ್ಮ ಕರ್ಮಭೂಮಿಯಾಗಿಸಿಕೊಂಡರು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಮಂಡ್ಯ, ಮದ್ದೂರು ಬಯಲಿನಲ್ಲಿ ಕಬ್ಬು ಮತ್ತು ಭತ್ತ ರಾರಾಜಿಸಿದವು. ರಾಗಿ ಮಳೆಯಾಶ್ರಿತ ಹೊಲಗಳಿಗೆ, ಮಳವಳ್ಳಿ ತಾಲ್ಲೂಕಿನ ಅಕ್ಕಡಿ ಸಾಲುಗಳ ನಡುವಿಗೆ ಸರಿಯಿತು. ಬಡವರ ಧಾನ್ಯವೆಂಬ ತಾತ್ಸಾರವೂ ಅದಕ್ಕಿತ್ತು. ಸಕ್ಕರೆ ಕಾರ್ಖಾನೆಯ ಊರಿನಲ್ಲಿ ಕುಳಿತು ರಾಗಿಯನ್ನೇ ಆರಿಸಿಕೊಂಡದ್ದು ಅವರ ಬದುಕಿನ ದೊಡ್ಡ ನಿರ್ಧಾರವೆನ್ನಬೇಕು.

ರಾಗಿಯಲ್ಲಿ ತಳಿಸಂಕರಣ ಸುಲಭದ ಕೆಲಸವಲ್ಲ. ಅದರ ಹೂಗಳು ಸಾಸಿವೆಗಿಂತ ದೊಡ್ಡವೇನಲ್ಲ. ಅರಳುವುದು ನಡುರಾತ್ರಿ ಕಳೆದು ಬೆಳಕು ಹರಿಯುವ ಮುನ್ನ. ಬಹುಪಾಲು ತಮ್ಮಷ್ಟಕ್ಕೆ ತಾವೇ ಪರಾಗಸ್ಪರ್ಶ ಮುಗಿಸಿಕೊಳ್ಳುತ್ತವೆ. ಇಂತಹ ಬೆಳೆಯಲ್ಲಿ ಅವರು ಮೊದಲು ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳನ್ನು ರೂಪಿಸಿದರು. ಕೀರ್ತಿ ತಂದದ್ದು ಮಾತ್ರ ಅನಂತರದ ಇಂಡಾಫ್ ಮಾಲಿಕೆ. ರಾಗಿಯ ತವರು ಪೂರ್ವ ಆಫ್ರಿಕಾ. ಅಲ್ಲಿಯ ತಳಿಗಳ ಗಟ್ಟಿ ಕಾಂಡ ಹಾಗೂ ದಪ್ಪ ತೆನೆಯನ್ನು ನಮ್ಮ ನೆಲಕ್ಕೆ ಒಗ್ಗಿದ ತಳಿಗಳ ಗುಣದೊಂದಿಗೆ ಅವರು ಬೆಸೆದರು. ಇಂಡಿಯಾದ ಮೊದಲಕ್ಷರಗಳೂ ಆಫ್ರಿಕಾದ ಮೊದಲಕ್ಷರಗಳೂ ಕೂಡಿ ಇಂಡಾಫ್ ಎಂಬ ಹೆಸರಾಯಿತು. ಇಂಡಾಫ್-5, ಇಂಡಾಫ್-8, ಇಂಡಾಫ್-9 ಹಳ್ಳಿಹಳ್ಳಿಯ ಮಾತಾದವು. ಬೇರೆ ಬೇರೆ ಹಂಗಾಮಿಗೆ ಹೊಂದುವ ತಳಿ ದೊರೆತದ್ದರಿಂದ ರಾಗಿ ನೀರಾವರಿ ಗದ್ದೆಗೂ ಮರಳಿತು.

ಅವರ ಗುರಿ ಇಳುವರಿಯೇ ಹೊರತು ಪೋಷಕಾಂಶವಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ರಾಗಿಯ ಇಳುವರಿ ಹೆಚ್ಚಿದರೆ ಕ್ಯಾಲ್ಸಿಯಂ ಸಹ ಬಡವನ ತಟ್ಟೆಗೆ ಬಂದಂತೆಯೇ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಷ್ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿಪಡಿಸಿತು. ನೂರು ಗ್ರಾಂ ಹಿಟ್ಟಿನ ಮುದ್ದೆ, ಜತೆಗೆ ಸೊಪ್ಪಿನ ಬಸ್ಸಾರು ಹಾಗೂ ಎರಡು ಲೋಟ ಹಾಲು ಅಥವಾ ಮಜ್ಜಿಗೆ ಇರುವ ಮನೆಯಲ್ಲಿ ಆರೋಗ್ಯವಂತರು ಮಾತ್ರೆಯ ಡಬ್ಬಿ ಕೊಳ್ಳುವ ಮುನ್ನ ಈ ಲೆಕ್ಕ ಹಾಕುವುದು ಲೇಸು. ರಾಗಿಯಲ್ಲಿರುವ ಫೈಟೇಟ್ ಖನಿಜಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ನಿಜ. ನೆನೆಸಿ ಮೊಳಕೆ ಕಟ್ಟಿದರೆ ಅದು ಕಡಿಮೆಯಾಗುತ್ತದೆ; ಮಕ್ಕಳಿಗೆ ಮೊಳಕೆ ರಾಗಿಯ ಸರಿ ಮಾಡುತ್ತಿದ್ದ ಅಜ್ಜಿಯರ ಪದ್ಧತಿ ಸುಮ್ಮನೆ ಬಂದದ್ದಲ್ಲ.

ಹಾಗೆಂದು ರಾಗಿಯೇ ಸರ್ವರೋಗಕ್ಕೂ ಮದ್ದೆಂಬ ಇಂದಿನ ಪ್ರಚಾರವೂ ಸರಿಯಲ್ಲ. ಅದರಲ್ಲಿ ಬಿ12 ಇಲ್ಲ. ರಕ್ತಹೀನತೆಯನ್ನು ನೀಗುವಷ್ಟು ಕಬ್ಬಿಣವನ್ನು ಅದರಿಂದ ನಿರೀಕ್ಷಿಸಲಾಗದು. ಗರ್ಭಿಣಿಯರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನೀಡುವ ಕಬ್ಬಿಣ-ಫೋಲಿಕ್ ಆಮ್ಲದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ಮುದ್ದೆ ಬದಲಿಯಾಗಲಾರದು. ಆ ಎರಡನ್ನೂ ಒಟ್ಟಿಗೆ ನುಂಗದೆ ಕನಿಷ್ಠ ಎರಡು ಗಂಟೆ ಅಂತರವಿಡಬೇಕು. ಕ್ಯಾಲ್ಸಿಯಂ ಕಬ್ಬಿಣಾಂಶದ ಹೀರಿಕೆಗೆ ಅಡ್ಡಿಯಾಗುತ್ತದೆ. ಕಬ್ಬಿಣದ ಮಾತ್ರೆಯೊಡನೆ ಕಾಫಿ, ಟೀ ಕೂಡ ಬೇಡ. ವಿಟಮಿನ್ ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಅಪಾಯವಾದೀತು. ಆದ್ದರಿಂದ ನೆರೆಮನೆಯವರು ಹೇಳಿದರೆಂದು ಅದನ್ನು ನುಂಗುವುದು ಸಲ್ಲದು. ಮೂತ್ರಪಿಂಡದ ಕಲ್ಲು ಇದ್ದವರಂತೂ ವೈದ್ಯರನ್ನು ಕೇಳದೆ ಯಾವ ಡಬ್ಬಿಯನ್ನೂ ತೆರೆಯಬಾರದು.

ಲಕ್ಷ್ಮಣಯ್ಯನವರು 1993ರಲ್ಲಿ ನಿಧನರಾದರು. ಅಷ್ಟರಲ್ಲಿ ಇಂಡಾಫ್ ತಳಿಗಳನ್ನು ಬೆಂಕಿರೋಗ ಕಾಡತೊಡಗಿತ್ತು. ಅದನ್ನು ತಡೆಯಬಲ್ಲ ಜಿಪಿಯು-28 ಎಂಬ ತಳಿಯನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 1990ರ ದಶಕದ ಉತ್ತರಾರ್ಧದಲ್ಲಿ ಬಿಡುಗಡೆ ಮಾಡಿದರು. ಮುಂದೆ ರಾಜ್ಯದ ರಾಗಿ ಹೊಲಗಳನ್ನು ವ್ಯಾಪಿಸಿದ ಈ ತಳಿಯ ವಂಶಾವಳಿಯಲ್ಲಿ ಇಂಡಾಫ್-5 ಹಾಗೂ ಇಂಡಾಫ್-9 ಎರಡೂ ಇವೆ.