ದೊಡ್ಡಗುಂಟೆಯ ಒಂದು ಬಿಂದು

ಯಲಹಂಕದ ಕಾಲೇಜೊಂದರಲ್ಲಿ ಭೌತವಿಜ್ಞಾನ ಬೋಧಿಸುತ್ತಿದ್ದಾಗ ನಾನೊಂದು ತಪ್ಪು ಮಾಡಿದೆ. ವಿದ್ಯಾರ್ಥಿಯೊಬ್ಬನ ಗ್ರಾಫ್‌ನಲ್ಲಿ ಎಂಟು ಬಿಂದುಗಳು ರೇಖೆಯ ಮೇಲಿದ್ದವು, ಒಂಬತ್ತನೆಯದು ದೂರ ಸರಿದು ನಿಂತಿತ್ತು. ಅದನ್ನು ಅಳಿಸಲು ಹೇಳಿ ಪೂರ್ಣ ಅಂಕ ಕೊಟ್ಟೆ. ವಿಲಿಯಂ ಲ್ಯಾಂಬ್ಟನ್‌ನ ಜೀವನವನ್ನು ಓದಿದಂದಿನಿಂದ ಆ ಬಿಂದು ನನ್ನನ್ನು ಬಿಟ್ಟಿಲ್ಲ.

ಯಾರ್ಕ್‌ಷೈರ್ ಮೂಲದ ಲ್ಯಾಂಬ್ಟನ್ 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಟಿಪ್ಪುವಿನ ವಿರುದ್ಧ ಹೋರಾಡಿದವನು. ರಾತ್ರಿ ಸಾಗುತ್ತಿದ್ದ ಪಡೆ ದಿಕ್ಕು ತಪ್ಪಿದ್ದನ್ನು ನಕ್ಷತ್ರ ನೋಡಿ ಹೇಳಿದನೆಂಬ ಪ್ರಸಂಗ ಪ್ರಸಿದ್ಧ. ಗೆದ್ದ ನೆಲವನ್ನು ಅಳೆಯುವ ಅವನ ಸರಪಳಿ ಕಂಪನಿಯ ಹಿಡಿತವನ್ನೂ ಬಿಗಿಗೊಳಿಸಿತೆಂಬುದನ್ನು ಮರೆಯುವಂತಿಲ್ಲ. 1800ರಲ್ಲಿ ಬೆಂಗಳೂರಿನ ಬಳಿ, 1802ರಲ್ಲಿ ಮದರಾಸಿನಲ್ಲಿ ಆಧಾರರೇಖೆಗಳನ್ನು ಅಳೆದ. ಮದರಾಸಿನಿಂದ ತ್ರಿಕೋನಗಳನ್ನು ಹೆಣೆಯುತ್ತ ಬಂದು, 1804ರಲ್ಲಿ ಇಲ್ಲಿ ಸುಮಾರು 7 ಮೈಲಿಯ ರೇಖೆಯನ್ನು ಅಳೆಸಿ ತಾಳೆ ನೋಡಿದಾಗ ವ್ಯತ್ಯಾಸ 4 ಅಂಗುಲದೊಳಗಿತ್ತು.

ನೆಲ ತಾಳೆಯಾಯಿತು, ಆಕಾಶ ಆಗಲಿಲ್ಲ. ಭೂಮಿ ಧ್ರುವಗಳಲ್ಲಿ ಚಪ್ಪಟೆಯಾಗಿರುವುದರಿಂದ ಅಕ್ಷಾಂಶದ ಒಂದೊಂದು ಡಿಗ್ರಿಯ ಉದ್ದವೂ ಉತ್ತರಕ್ಕೆ ಹೋದಂತೆ ತುಸು ಹಿಗ್ಗಬೇಕು. ಬೆಂಗಳೂರಿನ ದೊಡ್ಡಗುಂಟೆಯ ವೀಕ್ಷಣೆ ಸೇರಿದಾಗ ಆ ಕ್ರಮ ಕೆಟ್ಟಿತು. ನಕ್ಷತ್ರದ ಸ್ಥಾನವನ್ನು ಅಳೆಯುವುದು ತೂಗುದಾರವನ್ನು ನಂಬಿ. ದಾರವೇ ಓರೆಯಾದರೆ ಅಕ್ಷಾಂಶವೂ ತಪ್ಪುತ್ತದೆ. ಒಂದು ಸೆಕೆಂಡು ಕೋನ ತಪ್ಪಿದರೆ ನೆಲದ ಮೇಲೆ ಸುಮಾರು 31 ಮೀಟರ್! ಬೆಟ್ಟವೊಂದು ತೂಗುದಾರವನ್ನು ಸೆಳೆಯುವುದನ್ನು ಮ್ಯಾಸ್ಕೆಲಿನ್ 1774ರಲ್ಲಿ ಸ್ಕಾಟ್ಲೆಂಡಿನಲ್ಲಿ ತೋರಿಸಿದ್ದ. ದೊಡ್ಡಗುಂಟೆಯಲ್ಲಿ ಅಂಥ ಬೆಟ್ಟವಿಲ್ಲ. ನೆಲದೊಳಗೇ ಹೆಚ್ಚು ಸಾಂದ್ರವಾದ ಶಿಲೆ ಇರಬೇಕೆಂದು ಲ್ಯಾಂಬ್ಟನ್ ಊಹಿಸಿ, ಭೂಮಿಯ ಆಕಾರದ ಲೆಕ್ಕದಿಂದ ಆ ಠಾಣೆಯನ್ನು ಕೈಬಿಟ್ಟ.

ಇದನ್ನು ನಾನು ಪೂರ್ತಿ ಒಪ್ಪಲಾರೆ. ವಕ್ರರೇಖೆಗೆ ಹೊಂದದ ಪ್ರತಿ ಬಿಂದುವಿನ ಕೆಳಗೂ ಒಂದು ಬಂಡೆಯನ್ನು ಕಲ್ಪಿಸಿಕೊಂಡರೆ ಯಾವ ವಕ್ರರೇಖೆಯೂ ಸುಳ್ಳಾಗದು. ಎಂಥ ಬಿಂದುವನ್ನು ಬಿಡಬಹುದೆಂಬುದಕ್ಕೆ ಬೆಂಜಮಿನ್ ಪಿಯರ್ಸ್ ಗಣಿತದ ನಿಯಮವೊಂದನ್ನು ಮುಂದಿಟ್ಟದ್ದು 1852ರಲ್ಲಿ. ಲ್ಯಾಂಬ್ಟನ್‌ಗಿದ್ದದ್ದು ಸ್ವಂತ ವಿವೇಚನೆ ಮಾತ್ರ. ಆದರೆ ಆತ ಅಳಿಸಲಿಲ್ಲ. ಬಿಟ್ಟ ಅಂಕಿಯೂ ಬಿಟ್ಟ ಕಾರಣವೂ ಅಚ್ಚಾದವು; ಒಪ್ಪದವರು ಮತ್ತೆ ಲೆಕ್ಕ ಹಾಕಬಹುದಿತ್ತು. ತೂಗುದಾರದ ಇಂಥ ಓರೆಗಳನ್ನೇ ಅಳೆದು ನೆಲದಾಳವನ್ನು ಅರಿಯುವ ವಿದ್ಯೆ ಮುಂದೆ ಬೆಳೆಯಿತು.

1818ರಲ್ಲಿ ಅವನ ಸರ್ವೇಗೆ ಮಹಾ ತ್ರಿಕೋನಮಿತಿ ಸರ್ವೇ ಎಂಬ ಹೆಸರಾಯಿತು. 1823ರ ಜನವರಿಯಲ್ಲಿ, ಕೆಲಸದ ಹಾದಿಯಲ್ಲೇ, ಇಂದಿನ ಮಹಾರಾಷ್ಟ್ರದ ಹಿಂಗಣಘಾಟಿನಲ್ಲಿ ತೀರಿಕೊಂಡ.

ನನ್ನ ವಿದ್ಯಾರ್ಥಿಯ ಒಂಬತ್ತನೆಯ ಬಿಂದುವಿನ ಕೆಳಗೆ ಏನಿತ್ತೋ ಯಾರಿಗೂ ಗೊತ್ತಿಲ್ಲ. ಅವನ ರೆಕಾರ್ಡ್ ಪುಸ್ತಕದಲ್ಲಿ ಉಳಿದದ್ದು ರಬ್ಬರು ಉಜ್ಜಿದ ಕಲೆಯಷ್ಟೇ.