ಕೋಟಿನೊಳಗೆ ಹೊಲಿದಿಟ್ಟ ಕಾಗದ

ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನಾನು ಡುಮ್ಕಿ ಹೊಡೆದದ್ದು ನಾಲ್ಕೇ ನಾಲ್ಕು ಅಂಕಗಳಿಂದ. ರಿಸಲ್ಟ್ ಬರುವ ಮೊದಲು ಊರಿನ ಗಣಪತಿಗೆ ಹತ್ತು ತೆಂಗಿನಕಾಯಿ ಹರಕೆ ಹೊತ್ತಿದ್ದೆ. ಪಾಸಾಗಲಿಲ್ಲ, ಕಾಯಿಯೂ ಉಳಿಯಿತು! ಮತ್ತೆ ಅದೇ ಪುಸ್ತಕ ಹಿಡಿದು ಕೂತಾಗ ಪುಟಪುಟದಲ್ಲೂ ಎದುರಾದ ಹೆಸರು ಪಾಸ್ಕಲ್. ಒತ್ತಡದ ಮಾನ ಆತನ ಹೆಸರಿನಲ್ಲಿದೆ. ಕಾರಿನ ಬ್ರೇಕ್, ಜೆಸಿಬಿಯ ತೋಳು ಎಲ್ಲ ಆತ ಹೇಳಿದ ನಿಯಮದ ಮೇಲೇ ಕೆಲಸ ಮಾಡುತ್ತವೆ. ನನ್ನನ್ನು ಇಷ್ಟು ಗೋಳು ಹೊಯ್ದುಕೊಳ್ಳುತ್ತಿರುವ ಈ ಮನುಷ್ಯ ಯಾರು ಎಂದು ಹುಡುಕಲು ಹೊರಟವನಿಗೆ ಸಿಕ್ಕಿದ್ದು ಬೇರೆಯದೇ ಕಥೆ.

ಬ್ಲೇಸ್ ಪಾಸ್ಕಲ್ ಹುಟ್ಟಿದ್ದು 1623ರಲ್ಲಿ, ಫ್ರಾನ್ಸಿನ ಕ್ಲೆರ್ಮೋಂಟ್‌ನಲ್ಲಿ. ಮೂರು ವರ್ಷಕ್ಕೇ ತಾಯಿ ತೀರಿಕೊಂಡಳು. ತಂದೆ ಎಟಿಯೆನ್ ಮಕ್ಕಳನ್ನು ಶಾಲೆಗೆ ಕಳಿಸದೆ ತಾನೇ ಕಲಿಸಿದ. ಮೊದಲು ಭಾಷೆಗಳು, ಆಮೇಲೆ ಗಣಿತ ಎಂಬುದು ಅಪ್ಪನ ಕಟ್ಟಪ್ಪಣೆ. ಬೇಡ ಎಂದದ್ದರ ಮೇಲೇ ಮಕ್ಕಳಿಗೆ ಆಸೆ ಹೆಚ್ಚಲ್ಲವೇ? ಹನ್ನೆರಡರ ಹುಡುಗ ಇದ್ದಿಲಿನಿಂದ ನೆಲದ ಮೇಲೆ ಗೆರೆ ಎಳೆದು ತನ್ನಷ್ಟಕ್ಕೇ ರೇಖಾಗಣಿತ ಕಟ್ಟಿಕೊಳ್ಳುತ್ತಿದ್ದುದನ್ನು ಅಕ್ಕ ಗಿಲ್ಬೆರ್ತ್ ಬರೆದಿಟ್ಟಿದ್ದಾಳೆ. ಅಪ್ಪ ರುವಾನ್‌ನಲ್ಲಿ ತೆರಿಗೆ ಲೆಕ್ಕದಲ್ಲಿ ಮುಳುಗಿದ್ದಾಗ, ಅವನ ಕಷ್ಟ ನೋಡಲಾಗದೆ ಹತ್ತೊಂಬತ್ತರ ಹರೆಯದಲ್ಲಿ ಕೂಡುವ ಯಂತ್ರ ಮಾಡಲು ಕೂತ. ಹಲ್ಲಿನ ಚಕ್ರಗಳ ಸುಮಾರು 50 ಮಾದರಿಗಳನ್ನು ಮಾಡಿ ನೋಡಿದನಂತೆ. ನಮ್ಮ ಮಿನಿ ಪ್ರಾಜೆಕ್ಟ್ ಎರಡನೇ ಸಲ ಕೈಕೊಟ್ಟಾಗಲೇ ನಾವು ಗೈಡನ್ನು ಬೈಯುತ್ತೇವೆ!

1646ರ ಜನವರಿಯಲ್ಲಿ ಅಪ್ಪ ಹಿಮದ ಮೇಲೆ ಜಾರಿ ಬಿದ್ದು ತೊಡೆ ಮುರಿದುಕೊಂಡ. ಮೂಳೆ ಕೂಡಿಸಲು ಬಂದ ಇಬ್ಬರು ಅಣ್ಣತಮ್ಮಂದಿರು ಮೂರು ತಿಂಗಳು ಅದೇ ಮನೆಯಲ್ಲಿ ಉಳಿದರು. ಅವರು ಕಟ್ಟುನಿಟ್ಟಿನ ದೈವಭಕ್ತರು. ಅವರ ಮಾತು, ಅವರು ಕೊಟ್ಟ ಪುಸ್ತಕಗಳಿಂದ ಇಡೀ ಮನೆಯೇ ಪ್ರಾರ್ಥನೆಯತ್ತ ಹೊರಳಿತು. ಆದರೆ ಪಾಸ್ಕಲ್‌ಗೆ ಅದು ಒಳಗಿಳಿಯಲಿಲ್ಲ ಎಂದೇ ನನಗನಿಸುತ್ತದೆ. ಯಾಕೆಂದರೆ 1651ರಲ್ಲಿ ಅಪ್ಪ ತೀರಿಕೊಂಡ ಮೇಲೆ ತಂಗಿ ಜಾಕೆಲಿನ್ ಪೋರ್ಟ್ ರಾಯಲ್ ಮಠ ಸೇರಲು ಹೊರಟಾಗ ಅಡ್ಡ ನಿಂತವನು ಇವನೇ. ಆಸ್ತಿಯ ಪಾಲಿಗಾಗಿ ಮುನಿಸಿಕೊಂಡ. ಕೊನೆಗೆ ಒಪ್ಪಿದ, ಒಂಟಿಯಾದ.

ಆ ಹೊತ್ತಿಗೆ ಹೆಸರು ಬೇಕಾದಷ್ಟಿತ್ತು. 1648ರಲ್ಲಿ ಭಾವನ ಕೈಯಲ್ಲಿ ಪಾದರಸದ ಕೊಳವೆಯನ್ನು ಪ್ವೀ ದ ದೋಮ್ ಬೆಟ್ಟದ ತುದಿಗೆ ಹೊರಿಸಿ, ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆಂದು ತೋರಿಸಿದ್ದ. 1654ರಲ್ಲಿ ಫರ್ಮಾ ಜೊತೆ ಪತ್ರ ಬರೆಯುತ್ತಾ, ಅರ್ಧಕ್ಕೆ ನಿಂತ ಜೂಜಿನ ಹಣ ಹಂಚುವ ಲೆಕ್ಕದಿಂದ ಸಂಭವನೀಯತೆಯ ಗಣಿತಕ್ಕೆ ಬುನಾದಿ ಹಾಕಿದ. ದೊಡ್ಡವರ ಸ್ನೇಹ, ಪ್ಯಾರಿಸ್ಸಿನ ಬದುಕು, ಎಲ್ಲವೂ ಇತ್ತು. ಆದರೂ ಅದೇ ವರ್ಷ ತಂಗಿಯನ್ನು ಕಾಣಲು ಮಠಕ್ಕೆ ಮತ್ತೆ ಮತ್ತೆ ಹೋಗಿ, ಈ ಬದುಕು ಬೇಸರವಾಗಿದೆ, ಆದರೆ ದೇವರೂ ಹತ್ತಿರವಿಲ್ಲ ಎಂದು ತೋಡಿಕೊಂಡ. ಯಾರ ಆಯ್ಕೆಗೆ ಅಡ್ಡಿ ಮಾಡಿದ್ದನೋ ಅವಳ ಮುಂದೆಯೇ!

ಆ ವರ್ಷದ ನವೆಂಬರ್ 23ರ ರಾತ್ರಿ, ಹತ್ತೂವರೆಯಿಂದ ಹನ್ನೆರಡೂವರೆಯ ತನಕ ಏನೋ ಆಯಿತು. ಏನು ಎಂದು ಆತ ಯಾರಿಗೂ ಹೇಳಲಿಲ್ಲ. ಒಂದು ಕಾಗದದಲ್ಲಿ ತುಂಡು ತುಂಡು ಮಾತುಗಳಲ್ಲಿ ಬರೆದುಕೊಂಡ, ಅಷ್ಟೇ. ತಾರೀಖು, ಗಂಟೆ ಸಮೇತ, ಲ್ಯಾಬ್ ರೆಕಾರ್ಡ್ ಬರೆದಂತೆ.

ಆಮೇಲೆ ಗಣಿತ ಬಿಟ್ಟು ಸನ್ಯಾಸಿಯಾದ ಎನ್ನುವವರಿದ್ದಾರೆ. ಅದು ಪೂರ್ತಿ ಸರಿಯಲ್ಲ. ಪೋರ್ಟ್ ರಾಯಲ್‌ನವರ ಪರವಾಗಿ ಹೆಸರು ಮರೆಸಿಕೊಂಡು 18 ಪತ್ರಗಳನ್ನು ಪ್ರಕಟಿಸಿದ್ದು ಹೌದು. ಆದರೆ 1658ರಲ್ಲಿ ಹಲ್ಲುನೋವು ಮರೆಯಲೆಂದು ಸೈಕ್ಲಾಯ್ಡ್ ಲೆಕ್ಕಕ್ಕೆ ಕೂತು ಯುರೋಪಿನ ಗಣಿತಜ್ಞರಿಗೆಲ್ಲ ಸವಾಲು ಹಾಕಿದವನೂ ಅವನೇ. ತರ್ಕವನ್ನು ಆತ ಬಿಸಾಡಲಿಲ್ಲ. ತರ್ಕ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ತರ್ಕದಿಂದಲೇ ತಿಳಿಯಬೇಕು, ಅಲ್ಲಿಂದಾಚೆಯ ಅರಿವಿಗೆ ಮಂಡಿಯೂರಬೇಕು ಎಂಬುದು ಆತನ ನಿಲುವು. ಅದನ್ನು ವಿವರಿಸುವ ದೊಡ್ಡ ಪುಸ್ತಕ ಬರೆಯಲು ಹೊರಟ. ಆರೋಗ್ಯ ಬಿಡಲಿಲ್ಲ. ಉಳಿದ ಚೀಟಿಗಳನ್ನೇ ಜೋಡಿಸಿ 1670ರಲ್ಲಿ ‘ಪಾಂಸೇ’ ಎಂದು ಅಚ್ಚು ಹಾಕಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾಯಿಲೆಯ ಬಗ್ಗೆ ಆತ ಬರೆದ ಪ್ರಾರ್ಥನೆ. ಹರೆಯದಿಂದಲೂ ತಲೆನೋವು, ಹೊಟ್ಟೆನೋವು ಕಾಡಿದ ಮನುಷ್ಯ ಅದರಲ್ಲಿ ವಾಸಿ ಮಾಡು ಎಂದು ಬೇಡುವುದಿಲ್ಲ. ಬಂದಿರುವ ಕಾಯಿಲೆಯನ್ನು ಸರಿಯಾಗಿ ಬಳಸಿಕೊಳ್ಳುವ ಬುದ್ಧಿ ಕೊಡು ಎನ್ನುತ್ತಾನೆ. ಇದನ್ನು ಓದಿದಾಗ ನನ್ನ ಹತ್ತು ತೆಂಗಿನಕಾಯಿ ನೆನಪಾಗಿ ನಾಚಿಕೆಯಾಯಿತು. ಜೂಜಿನ ಲೆಕ್ಕ ಬರೆದವನು ಪ್ರಾರ್ಥನೆಯಲ್ಲಿ ಜೂಜಾಡಲಿಲ್ಲ, ಆಡಿದ್ದು ನಾನು. ಮುಂದಿನ ವಾರ ಮತ್ತೆ ಪರೀಕ್ಷೆಯಿದೆ. ಈ ಸಲ ಹರಕೆ ಏನಪ್ಪಾ ಎಂದು ಅಮ್ಮ ಕೇಳಿದಳು. ಏನೂ ಇಲ್ಲ ಎಂದೆ. ಅವಳಿಗೆ ಗಾಬರಿಯಾಗಿದೆ.

1662ರ ಮಾರ್ಚ್‌ನಲ್ಲಿ ಪ್ಯಾರಿಸ್ಸಿನಲ್ಲಿ ನಿಗದಿತ ಮಾರ್ಗ, ನಿಗದಿತ ದರದ ಕುದುರೆಗಾಡಿ ಸೇವೆ ಶುರುವಾಯಿತು. ನಾವು ಪಾಸ್ ಹಿಡಿದು ಹತ್ತುವ ಸಿಟಿ ಬಸ್ಸಿನ ಮುತ್ತಜ್ಜ! ಅದರ ಯೋಜನೆಯೂ ಪಾಸ್ಕಲ್‌ನದೇ. ಲಾಭ ಬರುವ ಮೊದಲೇ ತನ್ನ ಪಾಲಿನ ಮುಂಗಡ ಕೇಳಿದ, ಬ್ಲೋಯಿಸ್‌ನ ಹಸಿದವರಿಗೆ ಕಳಿಸಲು. ಮನೆಯಲ್ಲಿ ಒಂದು ಬಡ ಕುಟುಂಬಕ್ಕೆ ಜಾಗ ಕೊಟ್ಟಿದ್ದ. ಅವರ ಮಗುವಿಗೆ ಸಿಡುಬು ಬಂದಾಗ, ಅಕ್ಕನ ಮಕ್ಕಳಿಗೆ ಅಂಟೀತೆಂಬ ಭಯ. ಮಗುವನ್ನು ಹೊರಗೆ ಕಳಿಸಲು ಒಪ್ಪದೆ, ಸ್ವತಃ ನರಳುತ್ತಿದ್ದ ತಾನೇ ಅಕ್ಕನ ಮನೆಗೆ ಹೋದ. ಮರಳಲಿಲ್ಲ. ಆಗಸ್ಟ್ 19ರಂದು ಅಲ್ಲೇ ತೀರಿಕೊಂಡ. ವಯಸ್ಸು 39.

ಕೆಲವು ದಿನಗಳ ನಂತರ ಸೇವಕನೊಬ್ಬನಿಗೆ ಆತನ ಕೋಟಿನ ಅಸ್ತರಿನಲ್ಲಿ ಏನೋ ದಪ್ಪಗೆ ಕೈಗೆ ಸಿಕ್ಕಿತು. ಹೊಲಿಗೆ ಬಿಚ್ಚಿದರೆ ಮಡಚಿಟ್ಟ ಆ ರಾತ್ರಿಯ ಕಾಗದ. ಹೊಸ ಕೋಟು ಹಾಕಿದಾಗಲೆಲ್ಲ ಹಳೆಯದರಿಂದ ಬಿಚ್ಚಿ ಹೊಸದಕ್ಕೆ ಹೊಲಿದುಕೊಳ್ಳುತ್ತಾ ಎಂಟು ವರ್ಷ ಅದನ್ನು ಎದೆಯ ಬಳಿ ಇಟ್ಟುಕೊಂಡಿದ್ದ. ಮನೆಯವರಿಗೆ ಗೊತ್ತಾಗಿದ್ದು ಆಗಲೇ.