ವಿನಾಯಕ ಕೃಷ್ಣ ಗೋಕಾಕರು

ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರುಗಳ ಸೀಮೆಯಲ್ಲಿರುವ ಸವಣೂರು ಹಿಂದೆ ನವಾಬರು ಆಳುತ್ತಿದ್ದ ಚಿಕ್ಕ ಸಂಸ್ಥಾನವಾಗಿತ್ತು. ವಿನಾಯಕ ಕೃಷ್ಣ ಗೋಕಾಕರು ಅಲ್ಲಿ 1909ನೆಯ ಇಸವಿಯ ಆಗಸ್ಟ್ 9ರಂದು ಜನಿಸಿದರು. ಸವಣೂರಿನಲ್ಲಿ ಶಾಲೆಯ ವ್ಯಾಸಂಗವನ್ನು ಮುಗಿಸಿ ಧಾರವಾಡದ ಕರ್ನಾಟಕ ಕಾಲೇಜನ್ನು ಸೇರಿದರು. ಅಲ್ಲಿ ಬೇಂದ್ರೆಯವರ ಗೆಳೆಯರ ಗುಂಪಿನ ಒಡನಾಟ ದೊರೆಯಿತು. ಅವರ ಕನ್ನಡ ಕಾವ್ಯಕೃಷಿಗೆ ಅದು ನೀರೆರೆಯಿತು. ಮುಂದೆ ಆಕ್ಸ್‌ಫರ್ಡಿಗೆ ತೆರಳಿ, ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ದರ್ಜೆಯ ಪದವಿಯನ್ನು ಪಡೆದು 1938ರಲ್ಲಿ ಹಿಂದಿರುಗಿದರು.

ಇಂಗ್ಲಿಷ್ ಬೋಧನೆಯೇ ಅವರ ವೃತ್ತಿಯಾಯಿತು. ಸಾಂಗಲಿ, ಧಾರವಾಡಗಳ ಕಾಲೇಜುಗಳಲ್ಲಿ ಪ್ರಾಂಶುಪಾಲರಾಗಿ, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿ ದುಡಿದರು.

ಆ ಕಾಲದಲ್ಲಿ ಕರ್ನಾಟಕದ ವಿದ್ಯಾರ್ಥಿಯೊಬ್ಬನು ಸಂಸ್ಕೃತವನ್ನೋ ಬೇರೊಂದು ಭಾಷೆಯನ್ನೋ ಪ್ರಥಮ ಭಾಷೆಯಾಗಿ ಆರಿಸಿಕೊಂಡು, ಕನ್ನಡವನ್ನು ಕಲಿಯದೆಯೇ ಪ್ರೌಢಶಾಲೆಯನ್ನು ದಾಟಬಹುದಾಗಿತ್ತು. ಈ ಸಮಸ್ಯೆಯ ಪರಿಶೀಲನೆಗೆಂದು ಸರ್ಕಾರವು 1980ರಲ್ಲಿ ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ರಾಜ್ಯದ ಎಲ್ಲ ಪ್ರೌಢಶಾಲೆಗಳಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಿರಬೇಕು, ಅದಕ್ಕೆ 150 ಅಂಕಗಳಿರಬೇಕು ಎಂದು ಸಮಿತಿಯು 1981ರ ಜನವರಿಯಲ್ಲಿ ವರದಿಯನ್ನು ಸಲ್ಲಿಸಿತು. ಅನ್ಯಭಾಷಿಕರಿಂದ ಆಕ್ಷೇಪಣೆಗಳು ಬಂದವು. ವರದಿಯ ಜಾರಿ ತಡವಾಗಲು, 1982ರಲ್ಲಿ ಸಾಹಿತಿಗಳೂ ವಿದ್ಯಾರ್ಥಿಗಳೂ ಚಳವಳಿ ಹೂಡಿದರು. ನಟ ರಾಜಕುಮಾರರು ಅದರ ಮುಂದಾಳಾದರು. ವಾದವು ನ್ಯಾಯಾಲಯದವರೆಗೂ ಹೋಯಿತು. ಆದರೂ ನಾಡಿನ ಶಾಲೆಯಲ್ಲಿ ನಾಡಿನ ಭಾಷೆಗೆ ಸಲ್ಲಬೇಕಾದ ಸ್ಥಾನ ಯಾವುದೆಂಬ ಪ್ರಶ್ನೆಯನ್ನು ಯಾರೂ ಕಡೆಗಣಿಸಲಾರದಂತಾಯಿತು.

‘ಭಾರತ ಸಿಂಧು ರಶ್ಮಿ’ ಮಹಾಕಾವ್ಯದ ಕರ್ತೃವಾದ ಗೋಕಾಕರಿಗೆ 1990ರ ಜ್ಞಾನಪೀಠ ಪ್ರಶಸ್ತಿ ಸಂದಿತು. 1992ರ ಏಪ್ರಿಲ್ 28ರಂದು ಅವರು ಕಾಲವಶರಾದರು. ಬಾಳೆಲ್ಲ ಇಂಗ್ಲಿಷನ್ನು ಕಲಿಸಿದವರೇ ಕನ್ನಡಕ್ಕೆ ಅಗ್ರಸ್ಥಾನವನ್ನು ಕೇಳಿದರು. ಅವರ ಮಾತಿಗೆ ತೂಕ ಬಂದುದು ಅದರಿಂದಲೇ.